ಸೈನೈಡ್ ದಿಬ್ಬದಿಂದ ಜೀನಿನವರೆಗೆ

ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ ಚಿನ್ನ ಸಿಗುತ್ತಿದ್ದುದು ಕಲ್ಲನ್ನು ಹಿಟ್ಟು ಮಾಡಿದ ಮೇಲೆ. ನೆಲದಾಳದಿಂದ ಮೇಲೆ ಬಂದ ಬೆಣಚುಕಲ್ಲು ನೇರ ಗಿರಣಿಗೆ ಹೋಗುತ್ತಿತ್ತು. ಅಲ್ಲಿ ಕಬ್ಬಿಣದ ಒನಕೆಗಳು ಹಗಲೂ ರಾತ್ರಿಯೂ ಕುಟ್ಟಿ ಅದನ್ನು ನುಣ್ಣನೆಯ ಪುಡಿ ಮಾಡುತ್ತಿದ್ದವು. ಆ ಪುಡಿಗೆ ಸೈನೈಡ್ ಬೆರೆತ ನೀರು ಹಾಯಿಸಿದರೆ ಚಿನ್ನ ಕರಗಿ ನೀರಿಗಿಳಿಯುತ್ತದೆ. ಉಳಿದ ರಾಡಿಯನ್ನು ಹೊರಗೆ ಸುರಿದರೆ ಕೆಲಸ ಮುಗಿಯಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟಲ್ಲಿಂದ 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವವರೆಗೆ ಸುಮಾರು 5 ಕೋಟಿ ಟನ್ ಅದಿರು ಹೀಗೆ ಪುಡಿಯಾಯಿತು. ಸಿಕ್ಕ ಚಿನ್ನ 800 ಟನ್ ಆಸುಪಾಸು. ಟನ್ನಿಗೆ ಹದಿನೈದು, ಹದಿನಾರು ಗ್ರಾಂ ಎಂದಿಟ್ಟುಕೊಳ್ಳಿ. ಮಿಕ್ಕಿದ್ದರಲ್ಲಿ ಬಹುಪಾಲು ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ಊರಿನ ಯಾವುದಾದರೂ ಎತ್ತರದ ಮಾಳಿಗೆ ಹತ್ತಿದರೆ ಸಾಕು: ಸಾವಿರ ಎಕರೆಯಲ್ಲಿ ಹರಡಿಕೊಂಡ 13 ದಿಬ್ಬಗಳು, 3.3 ಕೋಟಿ ಟನ್ನಿನಷ್ಟು ಪುಡಿ.

ಊರಿನವರ ಬಾಯಲ್ಲಿ ಇವು ‘ಸೈನೈಡ್ ದಿಬ್ಬ’. ಸಿನಿಮಾದವರಿಗೆ ಇದು ಸೆಟ್ ಹಾಕದೆ ಸಿಗುವ ಮರಳುಗಾಡು. ‘ಕೆಜಿಎಫ್’ ಚಿತ್ರದ ಚಿತ್ರೀಕರಣವೂ ಇಲ್ಲಿ ನಡೆದಿದೆ. ದೂರದಿಂದ ಬೋಳು ಗುಡ್ಡದಂತೆ ಕಾಣುವ ದಿಬ್ಬದ ಮೈ ಹತ್ತಿರ ಹೋದಂತೆ ಬೇರೆಯಾಗುತ್ತದೆ. ಮಳೆ ಕೊರೆದ ಕೊರಕಲುಗಳಲ್ಲಿ ಆಳು ಮರೆಯಾಗುತ್ತಾನೆ. ಬಿಸಿಲಿಗೆ ಒಣಗಿದ ಮೇಲ್ಪದರ ಚಕ್ಕೆಚಕ್ಕೆಯಾಗಿ ಎದ್ದಿರುತ್ತದೆ, ಚಪ್ಪಲಿ ತಾಗಿದರೆ ಮುರಿಯುತ್ತದೆ, ಬೆರಳಲ್ಲಿ ತಿಕ್ಕಿದರೆ ಬೂದುಹಳದಿ ಪುಡಿ. ಅಲ್ಲಲ್ಲಿ ತುಕ್ಕಿನ ಬಣ್ಣದ ಪಟ್ಟೆ. ಕಲ್ಲಿನೊಳಗಿದ್ದ ಗಂಧಕದ ಖನಿಜಗಳು ಗಾಳಿ ನೀರು ತಾಗಿ ಹುಳಿಯುತ್ತಿರುವ ಗುರುತು ಅದು. ಹುಲ್ಲು ಹುಟ್ಟುವುದೇ ಅಪರೂಪ, ಅಂಚಿನಲ್ಲಿ ಒಂದಿಷ್ಟು ಬಳ್ಳಾರಿ ಜಾಲಿ. ಆಷಾಢದ ಗಾಳಿ ಎದ್ದಿತೆಂದರೆ ಇದೇ ಪುಡಿ ಬುಡದಲ್ಲಿರುವ ಗಣಿ ಕಾರ್ಮಿಕರ ಲೈನ್ ಮನೆಗಳ ಮೇಲೆ ಇಳಿಯುತ್ತದೆ. ಒಗೆದು ಹಾಕಿದ ಬಟ್ಟೆ, ಮುಚ್ಚಳವಿಲ್ಲದ ಬಿಂದಿಗೆ, ಮಗು ಮಲಗಿದ ಚಾಪೆ, ಯಾವುದನ್ನೂ ಬಿಡುವುದಿಲ್ಲ. ‘ಸೈನೈಡ್ ಬರ್ತಾ ಇದೆ, ಬಾಗಿಲು ಹಾಕಮ್ಮಾ’ ಎನ್ನುವುದು ಇಲ್ಲಿ ಮಳೆ ಬಂತು ಎನ್ನುವಷ್ಟೇ ಸಹಜವಾದ ಮಾತು.

ನನ್ನ ಮಟ್ಟಿಗೆ ಈ ಹೆಸರೇ ತಾಪತ್ರಯದ್ದು. ಸೈನೈಡ್ ಎಂದ ಕೂಡಲೇ ನಮಗೆ ಬರುವುದು ತಕ್ಷಣದ ಸಾವಿನ ಭಯ. ಅದು ತಪ್ಪೇನಲ್ಲ, ಜೀವಕೋಶ ಆಮ್ಲಜನಕ ಬಳಸುವ ಕಡೆಯ ಹಂತವನ್ನೇ ಸೈನೈಡ್ ಕಟ್ಟಿಹಾಕುತ್ತದೆ, ಪ್ರಮಾಣ ಹೆಚ್ಚಿದ್ದರೆ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಆದರೆ ಬಿಡಿಯಾಗಿರುವ ಸೈನೈಡ್ ಬಿಸಿಲಿಗೆ, ಗಾಳಿಗೆ ಬಹಳ ಕಾಲ ನಿಲ್ಲುವ ವಸ್ತುವಲ್ಲ. ಕಬ್ಬಿಣದೊಂದಿಗೆ ಗಟ್ಟಿಯಾಗಿ ಸೇರಿಕೊಂಡ ಪಾಲು ಉಳಿಯುತ್ತದೆ, ನಿಜ. ಗಣಿ ನಿಂತು ಎರಡು ದಶಕ ಕಳೆದ ಮೇಲೆ ದಿಬ್ಬದಿಂದ ಎದ್ದು ಮೂಗಿಗೆ ಬರುವುದರಲ್ಲಿ ಹೆಚ್ಚಿನದು ಕಲ್ಲು. ಅಂದರೆ ಸಿಲಿಕಾ, ಜತೆಗೆ ಕಲ್ಲಿನೊಳಗಿದ್ದ ಲೋಹಗಳು. ಕೋಲಾರದ ಚಿನ್ನದ ಪಟ್ಟಿಯ ಪಡುವಣ ಮಗ್ಗುಲಿನ ಗಂಧಕಯುಕ್ತ ಅದಿರಿನಲ್ಲಿ ಆರ್ಸೆನಿಕ್ ಹೊತ್ತ ಖನಿಜ ಇರುವುದನ್ನು ಭೂವಿಜ್ಞಾನಿಗಳು ದಾಖಲಿಸಿದ್ದಾರೆ. ಮೊದಲ ಕಾಲದಲ್ಲಿ ಚಿನ್ನ ಹಿಡಿಯಲು ಪಾದರಸ ಬಳಸಿದ್ದೂ ಉಂಟು. ಇವು ಯಾವುವೂ ನಿಮಿಷದಲ್ಲಿ ಕೊಲ್ಲುವುದಿಲ್ಲ, ಹಾಗಾಗಿ ಇವುಗಳಿಗೆ ಹೆದರುವ ಅಭ್ಯಾಸವೂ ನಮಗಿಲ್ಲ.

ಸಿಲಿಕಾದ ಕಥೆ ಕೆಜಿಎಫ್‌ಗೆ ಹೊಸದಲ್ಲ. ಇಡೀ ಭಾರತದಲ್ಲಿ ಸಿಲಿಕೋಸಿಸ್ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಇಲ್ಲಿನ ಕಾರ್ಮಿಕರ ಶ್ವಾಸಕೋಶದಲ್ಲಿ. ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮಗಳನ್ನು ತಂದಿತು. 1940ರಿಂದ 46ರವರೆಗೆ 7,653 ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43.7 ಮಂದಿಯಲ್ಲಿ ಕಾಯಿಲೆ ಇತ್ತು. ನೂರಕ್ಕೆ ನಲವತ್ತಮೂರು! ಎಕ್ಸ್‌ರೇಯಲ್ಲಿ ಕಲೆ ಕಂಡರೆ ಪರಿಹಾರ, ಕಾಣದಿದ್ದರೆ ಇಲ್ಲ. ಪರಿಹಾರ ಕೇಳಲು ಹೆಸರು ಗಣಿಯ ಪಟ್ಟಿಯಲ್ಲಿರಬೇಕು. ಕಾಯಿಲೆಯ ಲೆಕ್ಕ ಶಾಫ್ಟಿಗೆ ಇಳಿದವರದ್ದು ಮಾತ್ರ. ಅವರ ಗಣಿಬಟ್ಟೆ ಒದರಿ ಒಗೆದವರು, ದಿಬ್ಬದ ಬುಡದಲ್ಲಿ ಗೋಲಿ ಆಡಿ ಬೆಳೆದವರು, ಬಸುರಿಯಾಗಿದ್ದಾಗ ಆ ಗಾಳಿಯನ್ನೇ ಉಸಿರಾಡಿದವರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಕಳೆದ ಎರಡು ಮೂರು ದಶಕಗಳಲ್ಲಿ ಬೆಳೆದ ಎಪಿಜೆನೆಟಿಕ್ಸ್ ಎಂಬ ವಿಜ್ಞಾನ ಕೈ ಇಡುವುದು ಇಲ್ಲಿಗೇ. ಮಾಲಿನ್ಯದ ಗುರುತು ಯಾರ ಮೈಮೇಲೆ ಬೀಳುತ್ತದೆ ಎಂಬುದಕ್ಕೂ ಹಾಜರಿ ಪುಸ್ತಕಕ್ಕೂ ಸಂಬಂಧವಿಲ್ಲ ಎಂದು ಅದು ತೋರಿಸುತ್ತಿದೆ.

ಡಿಎನ್‌ಎ ಎಂದರೆ ಏನೆಂದು ಶಾಲೆಯಲ್ಲಿ ಓದಿದ್ದೇವೆ. ಒಂದೊಂದು ಜೀವಕೋಶದಲ್ಲೂ ಎರಡು ಮೀಟರಿನಷ್ಟು ಉದ್ದದ ಎಳೆ, ಅದರಲ್ಲಿ ಸುಮಾರು 600 ಕೋಟಿ ಅಕ್ಷರ, ಸುಮಾರು 20,000 ಜೀನು. ಕಣ್ಣಿನ ಕೋಶದಲ್ಲಿರುವುದೂ ಅದೇ, ಕರುಳಿನ ಕೋಶದಲ್ಲಿರುವುದೂ ಅದೇ. ಹಾಗಿದ್ದರೆ ಕಣ್ಣು ಕಣ್ಣಾಗಿ, ಕರುಳು ಕರುಳಾಗಿ ಉಳಿಯುವುದು ಹೇಗೆ? ಕೆಜಿಎಫ್‌ನವರಿಗೆ ಇದನ್ನು ಹೇಳುವುದು ಸುಲಭ. ಶಾಫ್ಟ್ ಒಂದೇ, ಅದರಲ್ಲಿ ಕೆಲಸದ ಮಟ್ಟಗಳು ಹತ್ತಾರು. ಬಾಯಲ್ಲಿ ನಿಂತವನು ಗಂಟೆ ಹೊಡೆಯುತ್ತಾನೆ, ವೈಂಡಿಂಗ್ ಎಂಜಿನ್ನಿನ ಡ್ರೈವರು ಎಷ್ಟು ಪೆಟ್ಟು ಎಂದು ಎಣಿಸಿ ಕೇಜನ್ನು ಆ ಮಟ್ಟಕ್ಕೆ ಇಳಿಸುತ್ತಾನೆ. ಗಂಟೆ ಹೇಳದ ಮಟ್ಟದಲ್ಲಿ ಎಷ್ಟೇ ಚಿನ್ನವಿರಲಿ, ಅಲ್ಲಿ ಕೇಜ್ ನಿಲ್ಲುವುದಿಲ್ಲ. ಜೀನುಗಳ ಪಾಡೂ ಅಷ್ಟೆ. ಯಾವ ಜೀನನ್ನು ಓದಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು ಎಂಬ ಸಂಕೇತಗಳು ಡಿಎನ್‌ಎಯ ಅಕ್ಷರಗಳ ಮೇಲೆ ಬೇರೆಯಾಗಿ ಅಂಟಿಕೊಂಡಿರುತ್ತವೆ. ಇಂಥದ್ದೊಂದು ವಿದ್ಯೆಗೆ ಎಪಿಜೆನೆಟಿಕ್ಸ್ ಎಂಬ ಹೆಸರನ್ನು 1942ರಲ್ಲಿ ಕೊಟ್ಟವನು ಕಾನ್ರಾಡ್ ವಾಡಿಂಗ್‌ಟನ್ ಎಂಬ ಬ್ರಿಟಿಷ್ ಜೀವವಿಜ್ಞಾನಿ. ಆಗಿನ್ನೂ ಡಿಎನ್‌ಎಯ ರಚನೆಯೇ ಗೊತ್ತಿರಲಿಲ್ಲ.

ಈ ಸಂಕೇತಗಳಲ್ಲಿ ಎರಡು ಮುಖ್ಯ. ಒಂದು, ಮೀಥೈಲ್ ಗುಂಪು. ಒಂದು ಇಂಗಾಲ, ಮೂರು ಜಲಜನಕದ ಪರಮಾಣುಗಳ ಪುಟ್ಟ ಕೂಟ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೊಸಿನ್ ಮೇಲೆ ಇದು ಕೂರುತ್ತದೆ. ಜೀನು ಶುರುವಾಗುವ ಜಾಗದಲ್ಲಿ ಇವು ದಟ್ಟವಾಗಿ ಕೂತರೆ ಸಾಮಾನ್ಯವಾಗಿ ಆ ಜೀನಿನ ಬಾಯಿ ಮುಚ್ಚುತ್ತದೆ. ಎರಡನೆಯದು ಹಿಸ್ಟೋನ್ ಎಂಬ ಪ್ರೋಟೀನುಗಳು. ಎರಡು ಮೀಟರಿನ ಎಳೆಯನ್ನು ಕಣ್ಣಿಗೆ ಕಾಣದ ಕೋಶಕೇಂದ್ರದೊಳಗೆ ಸುತ್ತಿಡುವುದು ಇವುಗಳ ಕೆಲಸ. ಸುತ್ತು ಬಿಗಿಯಾದರೆ ಜೀನು ಓದಲು ಸಿಗದು, ಸಡಿಲವಾದರೆ ಸಿಗುತ್ತದೆ. ಕೋಶ ಎರಡಾಗಿ ಒಡೆಯುವಾಗ ಮೀಥೈಲ್ ಗುರುತುಗಳನ್ನು ಹೊಸ ಕೋಶಕ್ಕೂ ನಕಲು ಮಾಡಿಕೊಡುವ ಕಿಣ್ವವಿದೆ. ಒಮ್ಮೆ ತಪ್ಪಾಗಿ ಬಿದ್ದ ಗುರುತು ವರ್ಷಗಟ್ಟಲೆ ನಕಲಾಗುತ್ತ ಹೋಗಬಹುದು ಎಂಬುದು ಇದರ ಇನ್ನೊಂದು ಮುಖ. ವಿಕಿರಣವೋ ರಾಸಾಯನಿಕವೋ ಡಿಎನ್‌ಎಯ ಅಕ್ಷರವನ್ನೇ ಕೆಡಿಸಿದರೆ ಅದು ರೂಪಾಂತರ. ಇಲ್ಲಿ ಅಕ್ಷರ ಒಂದೂ ಕೆಟ್ಟಿಲ್ಲ, ಓದುವ ಕ್ರಮ ಕೆಟ್ಟಿದೆ.

ದೂಳು ಈ ಗುರುತುಗಳವರೆಗೆ ಹೋಗುವ ದಾರಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಆರ್ಸೆನಿಕ್‌ನಲ್ಲಿ. ಹಳಬರು ಪಾಷಾಣ ಎನ್ನುತ್ತಿದ್ದುದು ಇದನ್ನೇ. ಆರ್ಸೆನಿಕ್ ದೇಹದೊಳಗೆ ಹೋದರೆ ಯಕೃತ್ತು ಅದನ್ನು ಮೂತ್ರದಲ್ಲಿ ಹೊರಗೆ ಕಳಿಸಲು ನೋಡುತ್ತದೆ. ಅದಕ್ಕಾಗಿ ಆರ್ಸೆನಿಕ್‌ಗೆ ಮೊದಲು ಒಂದು, ಆಮೇಲೆ ಇನ್ನೊಂದು ಮೀಥೈಲ್ ಅಂಟಿಸಬೇಕು. ಈ ಮೀಥೈಲ್ ಬರುವುದು ‘ಸ್ಯಾಮ್’ ಎಂದು ವಿಜ್ಞಾನಿಗಳು ಚುಟುಕಾಗಿ ಕರೆಯುವ ಒಂದೇ ಅಣುವಿನಿಂದ. ಡಿಎನ್‌ಎಯ ಮೇಲೆ ಮೀಥೈಲ್ ಕೂರಿಸುವ ಕಿಣ್ವವೂ ಕೈಯೊಡ್ಡುವುದು ಇದೇ ಸ್ಯಾಮ್‌ಗೆ! ವಿಷ ಹೊರಹಾಕುವ ಕೆಲಸಕ್ಕೂ ಜೀನುಗಳ ಉಸ್ತುವಾರಿಗೂ ಉಗ್ರಾಣ ಒಂದೇ. ದಿನವೂ ಆರ್ಸೆನಿಕ್ ಬರುತ್ತಿದ್ದರೆ ಉಗ್ರಾಣಕ್ಕೆ ಒತ್ತಡ ಬೀಳುತ್ತದೆ. ಹಾಗೆಂದು ಎಲ್ಲ ಕಡೆ ಮೀಥೈಲ್ ಕಡಿಮೆಯಾಗುತ್ತದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಪಶ್ಚಿಮ ಬಂಗಾಳದ ಆರ್ಸೆನಿಕ್ ಪೀಡಿತರ ರಕ್ತವನ್ನು ಪರೀಕ್ಷಿಸಿ ಅಲ್ಲಿನ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಿ53, ಪಿ16 ಎಂಬ ಎರಡು ಜೀನುಗಳ ಬಾಯಲ್ಲಿ ಮೀಥೈಲ್ ಹೆಚ್ಚಾಗಿತ್ತು. ಎರಡೂ ಕ್ಯಾನ್ಸರನ್ನು ತಡೆದು ನಿಲ್ಲಿಸುವ ಜೀನುಗಳು. ಕಾವಲುಗಾರನ ಬಾಯಿಗೇ ಬೀಗ. ಇದು ಕ್ಯಾನ್ಸರ್ ಬಂದವರಲ್ಲಷ್ಟೇ ಅಲ್ಲ, ಇನ್ನೂ ಬಾರದವರಲ್ಲೂ ಕಂಡಿತ್ತು.

ನಮ್ಮ ರಾಜ್ಯದಲ್ಲೇ ಇದರ ಉದಾಹರಣೆ ಇದೆ, ಅದೂ ಚಿನ್ನದ ನೆಲದಲ್ಲೇ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಮಂಗಳೂರು ಎಂಬಲ್ಲಿ ಹಿಂದೆ ಚಿನ್ನದ ಗಣಿ ಇತ್ತು. ಕರಾವಳಿಯ ಮಂಗಳೂರಲ್ಲ, ಬಿಸಿಲು ಸೀಮೆಯದು. ಅದರ ಆಸುಪಾಸಿನ ಕಿರದಳ್ಳಿ ತಾಂಡಾದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಮಿತಿ ಮೀರಿರುವುದು ಪತ್ತೆಯಾಯಿತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ತಾಂಡಾದ ಜನರ ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಚುಕ್ಕೆ, ಅಂಗೈ ಅಂಗಾಲಿನಲ್ಲಿ ದಡ್ಡುಗಟ್ಟಿದ ಗಂಟು, ಕೆಲವರಲ್ಲಿ ಚರ್ಮದ ಕ್ಯಾನ್ಸರ್. ಅಲ್ಲಿಯೂ ಚಿನ್ನ ಇದ್ದ ಬಂಡೆಯಲ್ಲೇ ಆರ್ಸೆನಿಕ್ ಇತ್ತು. ಎರಡೂ ಒಟ್ಟಿಗೇ ಇರುವುದು ಜಗತ್ತಿನ ಎಷ್ಟೋ ಚಿನ್ನದ ನಿಕ್ಷೇಪಗಳ ಗುಣ. ಕೆಜಿಎಫ್ ಮತ್ತು ಕಿರದಳ್ಳಿ ಒಂದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ನೀರು, ಇಲ್ಲಿ ಹೆಚ್ಚಾಗಿ ದೂಳು. ಬಂಡೆಯ ಬಗೆ ಬೇರೆ, ಪ್ರಮಾಣ ಬೇರೆ. ಆದರೆ ಚಿನ್ನ ತೆಗೆದು ಬಿಟ್ಟುಹೋದ ಜಾಗದ ನೀರು, ಮಣ್ಣು, ಮೂತ್ರ ಮೂರನ್ನೂ ಆರ್ಸೆನಿಕ್‌ಗಾಗಿ ನೋಡಲೇಬೇಕು ಎನ್ನಲು ಆ ಒಂದು ತಾಂಡಾ ಸಾಕು.

ಸ್ಯಾಮ್ ಎಂಬ ಉಗ್ರಾಣ ತುಂಬುವುದು ಊಟದಿಂದ. ಫೋಲೇಟ್ ಮತ್ತು ಬಿ12 ಜೀವಸತ್ವಗಳು, ಮೀಥಿಯೊನಿನ್ ಎಂಬ ಅಮೈನೊ ಆಮ್ಲ ಇದರ ಸರಕು. ಕೊಲಂಬಿಯಾ ವಿಶ್ವವಿದ್ಯಾಲಯದ ಮೇರಿ ಗ್ಯಾಂಬಲ್ ಮತ್ತು ಸಂಗಡಿಗರು ಬಾಂಗ್ಲಾದೇಶದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಆರ್ಸೆನಿಕ್ ನೀರು ಕುಡಿಯುತ್ತಿದ್ದ, ಮೈಯಲ್ಲಿ ಫೋಲೇಟ್ ಕಡಿಮೆ ಇದ್ದ ವಯಸ್ಕರಿಗೆ 12 ವಾರ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ. 2007ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ ರಕ್ತದ ಆರ್ಸೆನಿಕ್ ಸುಮಾರು ಶೇ 14ರಷ್ಟು ಇಳಿಯಿತು. ಬಸುರಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಜತೆಗಿರುವುದೂ ಇದೇ ಫೋಲಿಕ್ ಆಮ್ಲ. ಕೋಲಾರ ಸೀಮೆಯ ಮಸ್ಸೊಪ್ಪು, ಬಸ್ಸಾರಿನ ಸೊಪ್ಪು, ಅಲಸಂದೆ, ಹುರುಳಿ, ಅವರೆಕಾಳು ಎಲ್ಲದರಲ್ಲೂ ಫೋಲೇಟ್ ಇದೆ. ಹೀಗೆ ಬರೆಯುವಾಗಲೇ ನನಗೆ ಭಯ: ಇಂಥ ಒಂದು ವಾಕ್ಯ ಸಿಕ್ಕರೆ ಸಾಕು, ನಾಳೆ ಯಾರಾದರೂ ‘ಡಿಎನ್‌ಎ ಶುದ್ಧಿ ಸೊಪ್ಪಿನ ಪುಡಿ’ ಎಂದು ಡಬ್ಬಿ ಮಾಡಿ ಮಾರುತ್ತಾರೆ. ಸೊಪ್ಪು ತಿನ್ನಿ, ಒಳ್ಳೆಯದು. ಆದರೆ ದಿಬ್ಬದ ದೂಳಿಗೆ ಉತ್ತರ ಬಸ್ಸಾರಿನಲ್ಲಿದೆ ಎಂದು ಸರ್ಕಾರವೂ ಹೇಳಬಾರದು, ಪತ್ರಿಕೆಯೂ ಬರೆಯಬಾರದು. ಬಾಂಗ್ಲಾದೇಶದಲ್ಲಿ ಪ್ರಯೋಗ ಮಾಡಿದ ಆ ವಿಜ್ಞಾನಿಗಳು ಕೂಡ ಮೊದಲು ಕೇಳುವುದು ಶುದ್ಧ ನೀರನ್ನೇ.

ಹೊಟ್ಟೆಯಲ್ಲಿರುವ ಮಗುವಿನ ವಿಷಯ ಇದಕ್ಕಿಂತ ಸೂಕ್ಷ್ಮ. ಗರ್ಭದ ಮೊದಲ ದಿನಗಳಲ್ಲಿ ತಂದೆತಾಯಿಯ ಗುರುತುಗಳಲ್ಲಿ ಬಹುಪಾಲು ಅಳಿಸಿ, ಹೊಸದಾಗಿ ಬರೆಯಲಾಗುತ್ತದೆ. ಆಗ ಬಿದ್ದ ಗುರುತು ದೇಹವೆಲ್ಲ ಹರಡುತ್ತದೆ. ದಕ್ಷಿಣ ಅಮೆರಿಕದ ಚಿಲಿಯಲ್ಲಿ ಆಂಟೊಫಗಾಸ್ತಾ ಎಂಬ ಮರಳುಗಾಡಿನ ಪಟ್ಟಣವಿದೆ. ಅಲ್ಲಿ 1958ರಲ್ಲಿ ಹೊಸ ನದಿಮೂಲದಿಂದ ಕುಡಿಯುವ ನೀರು ತಂದರು. ಅದರಲ್ಲಿ ಲೀಟರಿಗೆ 800 ಮೈಕ್ರೋಗ್ರಾಂ ಮೀರಿ ಆರ್ಸೆನಿಕ್. 1970ರ ಸುಮಾರಿಗೆ ಶುದ್ಧೀಕರಣ ಘಟಕ ಬಂತು, ನೀರು ಸರಿಹೋಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಹನ್ನೆರಡು ವರ್ಷಗಳಲ್ಲಿ ಹುಟ್ಟಿದವರು ಮೂವತ್ತು, ನಲವತ್ತು ದಾಟುವಾಗ ಅವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಚಿಲಿಯ ಉಳಿದ ಭಾಗಕ್ಕಿಂತ ಸುಮಾರು ಆರು ಪಟ್ಟು ಇತ್ತು. ಬಾಲ್ಯದಲ್ಲೇ ನಿಂತುಹೋದ ವಿಷ ನಡುವಯಸ್ಸಿನಲ್ಲಿ ಕೊಲ್ಲುತ್ತಿತ್ತು. ಇಷ್ಟು ವರ್ಷ ಈ ನೆನಪನ್ನು ದೇಹ ಎಲ್ಲಿ ಇಟ್ಟುಕೊಂಡಿತ್ತು ಎಂಬ ಪ್ರಶ್ನೆಗೆ ಎಪಿಜೆನೆಟಿಕ್ ಗುರುತುಗಳು ಒಂದು ಉತ್ತರವಿರಬಹುದು. ‘ಇರಬಹುದು’ ಎನ್ನುವುದನ್ನು ಒತ್ತಿ ಓದಿ. ತಂಬಾಕು, ಮದ್ಯ, ಬಡತನ, ಸೋಂಕು ಎಲ್ಲವನ್ನೂ ಬೇರ್ಪಡಿಸಿ ಒಂದೇ ಕಾರಣಕ್ಕೆ ಬೆರಳು ತೋರಿಸುವುದು ಮನುಷ್ಯರ ಅಧ್ಯಯನದಲ್ಲಿ ಸುಲಭವಲ್ಲ.

ಇದಕ್ಕೆ ಹೋಲಿಸಿದರೆ ತಂಬಾಕಿನ ಪುರಾವೆ ಗಟ್ಟಿ. ಸಿಗರೇಟು ಸೇದುವವರ ರಕ್ತದಲ್ಲಿ ಎಎಚ್‌ಆರ್‌ಆರ್ ಎಂಬ ಜೀನಿನ ಒಂದು ನಿರ್ದಿಷ್ಟ ಜಾಗದಲ್ಲಿ ಮೀಥೈಲ್ ಕಡಿಮೆಯಾಗಿರುತ್ತದೆ. ಹೊಗೆಯ ವಿಷವನ್ನು ಗ್ರಹಿಸುವ ವ್ಯವಸ್ಥೆಗೆ ಸೇರಿದ ಜೀನು ಅದು. ಎಷ್ಟೋ ದೇಶಗಳಲ್ಲಿ, ಎಷ್ಟೋ ಸಲ ಇದೇ ಫಲಿತಾಂಶ ಬಂದಿದೆ. ಸೇದುವುದನ್ನು ಬಿಟ್ಟರೆ ಗುರುತು ಮೆಲ್ಲಗೆ, ವರ್ಷಗಳ ಮೇಲೆ, ಹಿಂದಕ್ಕೆ ಬರುತ್ತದೆ. ನಾರ್ವೆಯಲ್ಲಿ ನಡೆದ ಅಧ್ಯಯನದಲ್ಲಿ ಬಸುರಿಯಾಗಿದ್ದಾಗ ಸಿಗರೇಟು ಸೇದಿದ ತಾಯಂದಿರ ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಲ್ಲೂ ಅದೇ ಗುರುತು ಸಿಕ್ಕಿತು. ಗುರುತು ಬಿದ್ದಾಗ ಮಗು ಇನ್ನೂ ಒಂದು ಉಸಿರನ್ನೂ ಎಳೆದಿರಲಿಲ್ಲ. ಹೊಗೆ ದೇಹದಲ್ಲಿ ಸಹಿ ಹಾಕುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಈ ಕ್ಷೇತ್ರದಲ್ಲಿ ಹೆಚ್ಚಿಲ್ಲ.

ಸಿಲಿಕಾದ ದಾರಿ ಸ್ವಲ್ಪ ಸುತ್ತುಬಳಸು. ಶ್ವಾಸಕೋಶಕ್ಕಿಳಿದ ಕಣವನ್ನು ಅಲ್ಲಿನ ಭಕ್ಷಕ ಕೋಶ ನುಂಗುತ್ತದೆ. ಕಲ್ಲನ್ನು ಅರಗಿಸಿಕೊಳ್ಳಲಾಗದೆ ಅದರ ಹೊಟ್ಟೆ ಒಡೆಯುತ್ತದೆ, ಉರಿಯೂತದ ಸಂದೇಶಗಳು ಹೊರಬೀಳುತ್ತವೆ, ಸತ್ತ ಕೋಶದಿಂದ ಹೊರಬಂದ ಅದೇ ಕಣವನ್ನು ಇನ್ನೊಂದು ಕೋಶ ನುಂಗುತ್ತದೆ. ಗಣಿಯ ಕೆಲಸ ಬಿಟ್ಟು ವರ್ಷಗಳಾದ ಮೇಲೂ ಸಿಲಿಕೋಸಿಸ್ ಉಲ್ಬಣಿಸುವುದು ಇದಕ್ಕೇ. ಈ ನಿಲ್ಲದ ಉರಿಯೇ ಮೀಥೈಲ್ ಕ್ರಮವನ್ನೂ ಹಿಸ್ಟೋನಿನ ಸುತ್ತನ್ನೂ ಕಲಕುತ್ತದೆ. ಜಪಾನಿನಲ್ಲಿ ಸಿಲಿಕೋಸಿಸ್ ರೋಗಿಗಳ ರಕ್ತದಲ್ಲಿ ತೇಲುವ ಡಿಎನ್‌ಎ ನೋಡಿದಾಗ ಕ್ಯಾನ್ಸರ್ ತಡೆಯುವ ಕೆಲವು ಜೀನುಗಳು ಮುಚ್ಚಿಕೊಂಡಿರುವುದು ಕಂಡಿದೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 1997ರಲ್ಲೇ ಸ್ಫಟಿಕ ಸಿಲಿಕಾವನ್ನು ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಭಾರತ್ ಗೋಲ್ಡ್ ಮೈನ್ಸ್ ಮುಚ್ಚಲು ಆಗಿನ್ನೂ ನಾಲ್ಕು ವರ್ಷ ಬಾಕಿ ಇತ್ತು.

ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಜನ ಎಲ್ಲಿಗೆ ಹೋದರು? ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ನೋಡಿ. ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಜಂಕ್ಷನ್ನಿಗೆ ಬರುವಷ್ಟರಲ್ಲಿ ನಿಲ್ಲಲೂ ಜಾಗವಿಲ್ಲ. ಬೆಂಗಳೂರಿಗರಿಗೆ ಬಂಗಾರಪೇಟೆ ಎಂದರೆ ತಿಳಿನೀರಿನ ಪಾನಿಪೂರಿ. ಇಲ್ಲಿನವರಿಗೆ ಬೆಂಗಳೂರು ಎಂದರೆ ದಿನಗೂಲಿ, ಸೆಕ್ಯುರಿಟಿ ಕೆಲಸ, ಗಾರ್ಮೆಂಟ್ಸ್, ಕಟ್ಟಡದ ಕೆಲಸ. ದಿಬ್ಬದ ದೂಳು ಕೊಡವಿಕೊಂಡು ಹೋಗಿ ನಗರದ ಡೀಸೆಲ್ ಹೊಗೆಯಲ್ಲಿ ಹತ್ತು ಗಂಟೆ ನಿಂತು ವಾಪಸು. ಬೋಸ್ಟನ್ ಸೀಮೆಯ ಏಳುನೂರಕ್ಕೂ ಹೆಚ್ಚು ಹಿರಿಯ ಗಂಡಸರ ರಕ್ತ ಪರೀಕ್ಷಿಸಿ ಆಂಡ್ರಿಯಾ ಬಕರೆಲ್ಲಿ ಮತ್ತು ಸಂಗಡಿಗರು 2009ರಲ್ಲಿ ಬರೆದದ್ದು ಇಲ್ಲಿ ನೆನಪಾಗುತ್ತದೆ: ವಾಹನದ ಮಸಿ ಹೆಚ್ಚಿದ್ದ ದಿನಗಳ ಬೆನ್ನಿಗೇ ಡಿಎನ್‌ಎಯ ಒಂದು ಬಗೆಯ ಮರುಕಳಿಸುವ ತುಣುಕುಗಳಲ್ಲಿ ಮೀಥೈಲ್ ಇಳಿದಿತ್ತು. ವರ್ಷಗಳು ಬೇಕಾಗಿರಲಿಲ್ಲ, ದಿನಗಳು ಸಾಕಾಗಿದ್ದವು. ಬೋಸ್ಟನ್ನಿನ ಗಾಳಿ ಬೆಂಗಳೂರಿನ ನಮ್ಮ ಸಿಲ್ಕ್ ಬೋರ್ಡ್ ಗಾಳಿಗಿಂತ ಎಷ್ಟೋ ಮೇಲು.

ಇನ್ನು ಬಂಗಾರಪೇಟೆ ಸೀಮೆಯ ನೀರು. ಸಾವಿರ ಅಡಿ ದಾಟಿದ ಕೊಳವೆಬಾವಿ, ಅದರೊಂದಿಗೆ ಬರುವ ಫ್ಲೋರೈಡ್, ಹಲ್ಲಿನ ಮೇಲಿನ ಕಂದು ಪಟ್ಟೆ, ಬಗ್ಗದ ಮಂಡಿ, ಇವೆಲ್ಲ ಕೋಲಾರ ಜಿಲ್ಲೆಯ ಪ್ರತಿ ಓದುಗರಿಗೂ ಗೊತ್ತು. ಗ್ರಾನೈಟ್ ನೆಲದ ಆಳದ ನೀರಿನಲ್ಲಿ ಯುರೇನಿಯಂ ಕೂಡ ಇರುವುದು ಪೂರ್ವ ಕರ್ನಾಟಕದ ಹಳ್ಳಿಗಳಲ್ಲಿ ಪತ್ತೆಯಾಗಿದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರೂ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ, ನೊರೆಯ ಜಗಳ ಕೋರ್ಟಿನವರೆಗೂ ಹೋಗಿ ಬಂದಿದೆ. ಫ್ಲೋರೈಡ್ ಜೀನಿನ ಗುರುತುಗಳನ್ನು ಬದಲಿಸುತ್ತದೆ ಎನ್ನುವ ಮಾತು ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗದಿಂದ ಬಂದದ್ದು. ಹಲ್ಲು ಮತ್ತು ಮೂಳೆಯ ಸಾಕ್ಷಿಯೇ ಸಾಕಷ್ಟಿರುವಾಗ ಅದರ ಮೇಲೆ ಜೀನಿನ ಭಯ ಬೇರೆ ಹೇರಬೇಕಿಲ್ಲ.

ಭಯ ಹೇರುವ ಇನ್ನೊಂದು ಮಾತಿದೆ: ಅಜ್ಜ ಉಸಿರಾಡಿದ ದೂಳು ಮೊಮ್ಮಗನ ಜೀನಿನಲ್ಲಿ ಕೂತಿದೆ ಎನ್ನುವುದು. ಇದರ ಮೂಲ 2005ರಲ್ಲಿ ಅಮೆರಿಕದ ಮೈಕೆಲ್ ಸ್ಕಿನ್ನರ್ ತಂಡ ಪ್ರಕಟಿಸಿದ ಪ್ರಯೋಗ. ಬಸುರಿ ಇಲಿಗೆ ವಿನ್‌ಕ್ಲೊಜೊಲಿನ್ ಎಂಬ ಶಿಲೀಂಧ್ರನಾಶಕ ಕೊಟ್ಟರೆ ನಾಲ್ಕು ತಲೆಮಾರಿನವರೆಗೆ ಗಂಡು ಮರಿಗಳ ವೀರ್ಯ ಕೆಟ್ಟಿತ್ತು. ಆ ಫಲಿತಾಂಶದ ಬಗ್ಗೆ ವಿಜ್ಞಾನಿಗಳಲ್ಲೇ ತಕರಾರಿದೆ. ಮನುಷ್ಯರಲ್ಲಂತೂ ಲೆಕ್ಕ ಹಾಕುವಾಗ ಬಹಳ ಎಚ್ಚರ ಬೇಕು. ಬಸುರಿ ಹೆಂಗಸು ವಿಷಕ್ಕೆ ಸಿಕ್ಕಾಗ ಅವಳ ಹೊಟ್ಟೆಯ ಹೆಣ್ಣುಮಗುವೂ ಸಿಕ್ಕಿತು. ಆ ಮಗುವಿನ ಅಂಡಾಶಯದಲ್ಲಿ ಆಗಲೇ ಮೂಡಿರುವ ಅಂಡಗಳೂ, ಅಂದರೆ ನಾಳಿನ ಮೊಮ್ಮಕ್ಕಳ ಅರ್ಧ ಪಾಲೂ, ಸಿಕ್ಕಿದವು. ಮೂರು ತಲೆಮಾರಿಗೂ ವಿಷ ನೇರವಾಗಿಯೇ ತಾಗಿದಂತಾಯಿತು, ಇದಕ್ಕೆ ಆನುವಂಶಿಕ ಗುಟ್ಟು ಬೇಕಿಲ್ಲ. ಕಾಸರಗೋಡಿನ ಪಡ್ರೆ, ಎಣ್ಮಕಜೆಯ ಕನ್ನಡ ಹಳ್ಳಿಗಳಲ್ಲಿ ಎರಡು ದಶಕ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸಿಂಪಡಣೆ ನಿಂತ ಮೇಲೆ ಹುಟ್ಟಿದ ಮಕ್ಕಳ ಕಾಯಿಲೆಯ ಚರ್ಚೆ ಬಂದಾಗಲೂ ಇದೇ ಲೆಕ್ಕ ಮುಂದಿಡಬೇಕು. ತಾಯಂದಿರು ಬಾಲ್ಯವನ್ನೆಲ್ಲ ಆ ಮಳೆಯಡಿ ಕಳೆದವರು. ಪಡ್ರೆಯ ವೈದ್ಯ ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಅಂಥವರು ಮನೆಮನೆಯ ಕಾಯಿಲೆ ಬರೆದಿಡದೆ ಹೋಗಿದ್ದರೆ 2011ರ ಸುಪ್ರೀಂ ಕೋರ್ಟ್ ನಿಷೇಧದವರೆಗೆ ಆ ಪ್ರಕರಣ ಬರುತ್ತಿತ್ತೇ ಎಂಬುದು ನನ್ನ ಅನುಮಾನ. ಅಲ್ಲಿ ಜೀನಿಗಿಂತ ಮೊದಲು ಕೆಲಸಕ್ಕೆ ಬಂದದ್ದು ನೋಟ್‌ಬುಕ್.

ಹಾಗಾದರೆ ಮಾರಿಕುಪ್ಪಂನ ಒಬ್ಬ ಹೆಂಗಸು ರಕ್ತ ಕೊಟ್ಟು ‘ನನ್ನ ಜೀನಿಗೆ ದಿಬ್ಬ ಏನು ಮಾಡಿದೆ ಹೇಳಿ’ ಎಂದರೆ? ಹೇಳಲು ಬರುವುದಿಲ್ಲ. ಮೀಥೈಲ್ ಗುರುತುಗಳು ವಯಸ್ಸಿಗೆ, ಊಟಕ್ಕೆ, ಬೀಡಿಗೆ, ಒಲೆಯ ಹೊಗೆಗೆ, ಹಳೆಯ ಕಾಯಿಲೆಗೆಲ್ಲ ಬದಲಾಗುತ್ತವೆ. ನೂರಾರು ಜನರ ರಕ್ತವನ್ನು ದೂರದ ಊರಿನ ನೂರಾರು ಜನರದ್ದರೊಂದಿಗೆ ಹೋಲಿಸಿದಾಗ ಮಾತ್ರ ಚಿತ್ರ ಮೂಡುತ್ತದೆ. ಒಬ್ಬೊಬ್ಬರ ಎಕ್ಸ್‌ರೇ ನೋಡಿ ಪರಿಹಾರ ಕೊಡುವ ಕಾಯಿದೆಯ ಚೌಕಟ್ಟಿಗೆ ಇದು ಒಗ್ಗುವುದಿಲ್ಲ. ಗುಂಪಿಗೆ ಆದ ಹಾನಿಗೆ ಗುಂಪಿನ ಲೆಕ್ಕದಲ್ಲೇ ಹೊಣೆ ಹೊರಿಸುವ ದಾರಿ ಕಾನೂನಿಗೆ ಬೇಕಾಗುತ್ತದೆ, ಅದು ಇಂದಲ್ಲ ನಾಳೆ ಬರಲೇಬೇಕು.

ಇಷ್ಟೆಲ್ಲ ಈಗ ಬರೆಯಲು ಕಾರಣವಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ದಿಬ್ಬಗಳ ಸಾವಿರದ ಮೂರು ಎಕರೆಯಲ್ಲಿ ಮೇಲ್ಮೈ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿದೆ. ಆ ಪುಡಿಯಲ್ಲಿ ಇನ್ನೂ ಚಿನ್ನವಿದೆ, ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ. ಅದನ್ನು ತೆಗೆಯಲು ಕೂತು ಗಟ್ಟಿಯಾದ ದಿಬ್ಬಗಳನ್ನು ಅಗೆಯಬೇಕು, ಸಾಗಿಸಬೇಕು, ಮತ್ತೆ ರಾಸಾಯನಿಕದಲ್ಲಿ ತೊಳೆಯಬೇಕು. ಕೆಲಸ ಸಿಗುತ್ತದೆ ಎಂದು ಊರಿನವರು ಕಾಯುತ್ತಿರುವುದೂ ಸುಳ್ಳಲ್ಲ, ಇಪ್ಪತ್ತು ವರ್ಷ ರೈಲಿನಲ್ಲಿ ನಿಂತು ಹೋಗಿಬಂದವರಿಗೆ ಅದನ್ನು ಬೇಡವೆನ್ನಲು ನಾವು ಯಾರು? ಗಣಿಯೊಳಗೆ ಸಿಲಿಕೋಸಿಸ್ ಇಳಿಸಿದ್ದು ನೀರು ಹಾಯಿಸಿ ಕೊರೆಯುವ ಪದ್ಧತಿ. ಹೊರಗೂ ದೂಳು ಏಳದಂತೆ ತೋಯಿಸಿಯೇ ಅಗೆಯಬೇಕು, ಲಾರಿಗಳಿಗೆ ಹೊದಿಕೆ ಬೇಕು, ಆಷಾಢದ ಗಾಳಿಯಲ್ಲಿ ಕೆಲಸ ನಿಲ್ಲಿಸಬೇಕು. ಇವೆಲ್ಲ ಗೊತ್ತಿರುವ ಕ್ರಮಗಳು.

ಇದರ ಜತೆಗೆ ಟೆಂಡರಿನಲ್ಲಿ ಇನ್ನೊಂದು ಷರತ್ತು ಇರಲಿ. ಮೊದಲ ಜೆಸಿಬಿ ದಿಬ್ಬ ಹತ್ತುವ ಮುನ್ನ ಲೈನ್ ಮನೆಗಳ ಅಂಗಳದಲ್ಲಿ ಒಂದು ವರ್ಷ ಗಾಳಿಯ ದೂಳು ಅಳೆದು, ಅದರಲ್ಲಿ ಸಿಲಿಕಾ ಎಷ್ಟು, ಆರ್ಸೆನಿಕ್ ಎಷ್ಟು ಎಂದು ಬರೆದಿಡಬೇಕು. ಕೆಜಿಎಫ್ ಮತ್ತು ಬಂಗಾರಪೇಟೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯಾಗುವ ತಾಯಂದಿರ ಒಪ್ಪಿಗೆ ಪಡೆದು, ಹೇಗೂ ಎಸೆಯುವ ಹೊಕ್ಕುಳಬಳ್ಳಿಯಿಂದ ಒಂದು ಕೊಳವೆ ರಕ್ತ ತೆಗೆದು ಶೀತಲ ಪೆಟ್ಟಿಗೆಯಲ್ಲಿಡಬೇಕು. ಅದನ್ನು ಇಂದೇ ಓದಬೇಕಿಲ್ಲ. ಹತ್ತು ವರ್ಷದ ಮೇಲೆ ಓದುವವರಿಗೆ ಹೋಲಿಸಿ ನೋಡಲು ಅಗೆತಕ್ಕೆ ಮೊದಲಿನ ಒಂದು ಅಳತೆ ಬೇಕು. ಕೆಲಸ ಶುರುವಾದ ಮೇಲೆ ತೆಗೆದ ರಕ್ತದಲ್ಲಿ ಜಾನ್ ಟೇಲರ್ ಕಾಲದ ದೂಳು ಯಾವುದು, ಹೊಸ ಕಂಪನಿಯದು ಯಾವುದು ಎಂದು ಯಾವ ಪ್ರಯೋಗಾಲಯವೂ ಬಿಡಿಸಿ ಹೇಳಲಾರದು, ಮತ್ತು ಕಂಪನಿಯ ವಕೀಲರು ಕೋರ್ಟಿನಲ್ಲಿ ಮೊದಲು ಕೇಳುವುದೂ ಅದನ್ನೇ.